'ಲೈವ್ ಅಂಡ್ ಡೇಂಜರಸ್' ಎಂಟು ಸಿಡಿ ಬಾಕ್ಸು, ಅಂದ್ರೆ ನಮ್ಮ ಹಳೇ ಜಗಳಕ್ಕೆ ಹೊಸ ಸಾಕ್ಷಿ

ಎಪ್ಪತ್ತರ ದಶಕದ ಐರಿಶ್ ರಾಕ್ ಬ್ಯಾಂಡ್ ಥಿನ್ ಲಿಜ್ಜಿ ಕೇಳೋರು ಇಬ್ರು ಒಂದು ಕಡೆ ಕೂತ್ರೆ ಹತ್ತು ನಿಮಿಷದೊಳಗೆ ಒಂದು ಜಗಳ ಗ್ಯಾರಂಟಿ, ಅವರ 1978ರ ಲೈವ್ ಆಲ್ಬಮ್ 'ಲೈವ್ ಅಂಡ್ ಡೇಂಜರಸ್' ನಿಜವಾಗ್ಲೂ ಲೈವಾ ಇಲ್ಲ ಬರೀ ಡೇಂಜರಸ್ಸಾ ಅಂತ. ನಮ್ಮ ಗುಂಪಲ್ಲಂತೂ ಇದು ಎಷ್ಟು ವರ್ಷದಿಂದ ನಡೀತಿದೆಯೋ ಲೆಕ್ಕ ಇಟ್ಟಿಲ್ಲ. ಒಬ್ಬ ಗೆಳೆಯ ಇದಾನೆ, ಅವನ ವಾದ ಏನಂದ್ರೆ ಇಪ್ಪತ್ತು ಇಪ್ಪತ್ತೊಂದರ ಹುಡುಗ ಸ್ಟೇಜ್ ಮೇಲೆ ಅಷ್ಟು ಅಚ್ಚುಕಟ್ಟಾಗಿ ನುಡಿಸೋಕ್ಕೆ ಸಾಧ್ಯಾನೇ ಇಲ್ಲ ಮಗಾ, ಎಲ್ಲಾ ಆಮೇಲೆ ಸ್ಟುಡಿಯೋದಲ್ಲಿ ಕೂತು ತುಂಬಿಸಿದ್ದು, ನೀವೆಲ್ಲಾ ಸುಮ್ನೆ ತಲೆ ಮೇಲೆ ಹೊತ್ಕೊಂಡು ಕುಣೀತಿದೀರ. ಆ ಹುಡುಗ ಅಂದ್ರೆ ಬ್ಯಾಂಡಿನ ಇಬ್ರು ಗಿಟಾರಿಸ್ಟುಗಳಲ್ಲಿ ಒಬ್ಬ, ಬ್ರಯಾನ್ ರಾಬರ್ಟ್‌ಸನ್. ಸ್ಕಾಟ್ಲೆಂಡಿನವನು, 1974ರಲ್ಲಿ ಬ್ಯಾಂಡ್ ಸೇರಿದಾಗ ಬರೀ ಹದಿನೆಂಟು.

2023ರ ಜನವರಿಲಿ ಬಂದ ಎಂಟು ಸಿಡಿ ಬಾಕ್ಸನ್ನ ನಾನು ತಗೊಂಡಿದ್ದೇ ಈ ಬಾಯಿ ಮುಚ್ಚಿಸೋಕ್ಕೆ, ಸುಳ್ಳು ಹೇಳಲ್ಲ. ಒಳಗೇನಿದೆ ಅಂದ್ರೆ, ಒಂದರಲ್ಲಿ 1978ರ ಡಬಲ್ ಆಲ್ಬಮ್ಮೇ, ಹದಿನೇಳು ಹಾಡು, ರೀಮಾಸ್ಟರ್ ಆಗಿ. ಮಿಕ್ಕ ಏಳರಲ್ಲಿ ಏಳು ಶೋ. ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್ನಲ್ಲಿ 1976ರ ನವೆಂಬರ್ 14, 15, 16 ಹೀಗೆ ಸಾಲಾಗಿ ಮೂರು ರಾತ್ರಿ, 1977ರ ಅಕ್ಟೋಬರಲ್ಲಿ ಫಿಲಡೆಲ್ಫಿಯಾದ ಟವರ್ ಥಿಯೇಟರಲ್ಲಿ ಎರಡು ರಾತ್ರಿ, ಅದೇ ತಿಂಗಳು ಟೊರಾಂಟೋದಲ್ಲಿ ಒಂದು, ಆಮೇಲೆ 1978ರ ಮಾರ್ಚಲ್ಲಿ ಲಂಡನ್ನಿನ ರೈನ್‌ಬೋ. ಮೂಲ ಆಲ್ಬಮ್ಮಿನ ಬಹುಪಾಲು ಸರಕು ಹ್ಯಾಮರ್‌ಸ್ಮಿತ್ತಿಂದ ಮತ್ತೆ 77ರ ಆ ಟೂರಿಂದ ಬಂದಿರೋದು. ಅಂದ್ರೆ ಹೊಲಿದ ಬಟ್ಟೆ ಜೊತೆಗೆ ಕತ್ತರಿಸೋಕ್ಕೆ ಮುಂಚಿನ ಥಾನೂ ಈಗ ಕೈಯಲ್ಲಿದೆ.

ಜಗಳದ ಹಿನ್ನೆಲೆ ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಪ್ರೊಡ್ಯೂಸರ್ ಟೋನಿ ವಿಸ್ಕಾಂಟಿ ಜೊತೆ ಇನ್ನೊಂದು ಸ್ಟುಡಿಯೋ ಆಲ್ಬಮ್ ಮಾಡ್ಬೇಕು ಅಂತ ಬ್ಯಾಂಡಿಗೆ ಆಸೆ ಇತ್ತು, ಆದ್ರೆ ವಿಸ್ಕಾಂಟಿ ಹತ್ರ ಅಷ್ಟು ಟೈಮಿರ್ಲಿಲ್ಲ, ಹಾಗಾಗಿ ಇದ್ದ ಲೈವ್ ಟೇಪುಗಳನ್ನೇ ಆಲ್ಬಮ್ ಮಾಡೋಣ ಅಂತಾಯ್ತು. ಟೇಪ್ ತಗೊಂಡು ಪ್ಯಾರಿಸ್‌ನ ಸ್ಟುಡಿಯೋದಲ್ಲಿ ಕೂತ್ರು. ಅಲ್ಲಿ ಏನೇನು ನಡೀತು ಅನ್ನೋದ್ರಲ್ಲೇ ಇರೋದು ತಕರಾರು. ವಿಸ್ಕಾಂಟಿ ಆಮೇಲೆ ಹೇಳಿದ್ದು, ಆಲ್ಬಮ್ಮಲ್ಲಿ ಶೇಕಡ 75 ಸ್ಟುಡಿಯೋದ್ದು, ಡ್ರಮ್ಮು ಮತ್ತೆ ಜನರ ಗಲಾಟೆ ಮಾತ್ರ ಅಸಲಿ ಅಂತ. ಮ್ಯಾನೇಜರ್ ಕ್ರಿಸ್ ಓಡಾನೆಲ್ ಹೇಳಿದ್ದು, ಶೇಕಡ 75 ಲೈವು, ಬಾಕಿ 25 ರಿಪೇರಿ ಅಂತ. ಎರಡೂ ಪಾರ್ಟಿ ಹಿಡ್ಕೊಂಡಿರೋದು ಅದೇ 75ನ್ನ, ಆದ್ರೆ ಒಂದು ತೂಗ್ತಿರೋದು ನೀರು, ಇನ್ನೊಂದು ಹಾಲು! ರಾಬರ್ಟ್‌ಸನ್ ಅಂತೂ ಇದನ್ನ ಒಪ್ಕೊಳ್ಳೋದೇ ಇಲ್ಲ, ಸ್ಟೇಜ್ ಮೇಲೆ ನಾವು ನುಡಿಸ್ತಿದ್ದ ಸೌಂಡಿಗೆ ಏನನ್ನಾದ್ರೂ ತೆಗೆದು ಬದಲಾಯಿಸೋದು ಅಸಾಧ್ಯವೇ ಆಗಿತ್ತು ಅನ್ನೋ ಥರ ಮಾತಾಡಿದಾನೆ.

ಈ ಪಾಯಿಂಟ್ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಎಷ್ಟೋ ಜನ ಇದನ್ನ ಹಾರಿಸಿಬಿಡ್ತಾರೆ. ಸ್ಟೇಜ್ ಮೇಲೆ ಪ್ರತಿ ವಾದ್ಯಕ್ಕೂ ಒಂದೊಂದು ಮೈಕ್ ಇಟ್ಟು ಒಂದೊಂದು ಟ್ರ್ಯಾಕಿಗೆ ಹಾಕಿದ್ರೂ, ಮಾರ್ಷಲ್ ಆಂಪ್ ಫುಲ್ ಬಿಟ್ಟಿದ್ರೆ ಆ ಗಿಟಾರ್ ತನ್ನ ಮೈಕಿಗೆ ಮಾತ್ರ ಹೋಗಲ್ಲ, ಹಾಡೋನ ಮೈಕಿಗೆ ಹೋಗತ್ತೆ, ಡ್ರಮ್ ಮೇಲೆ ತೂಗುಬಿಟ್ಟ ಮೈಕಿಗೆ ಹೋಗತ್ತೆ, ಜನರ ಕಡೆ ತಿರುಗಿಸಿರೋದಕ್ಕೂ ಹೋಗತ್ತೆ. ಇದಕ್ಕೆ ಲೀಕು ಅಂತೀವಿ. ಆಮೇಲೆ ಸೋಲೋ ಟ್ರ್ಯಾಕ್ ಅಳಿಸಿ ಹೊಸದಾಗಿ ನುಡಿಸಿದ್ರೆ ಹಳೇ ಸೋಲೋ ಡ್ರಮ್ ಮೈಕಲ್ಲಿ ಹಾಗೇ ಕೂತಿರತ್ತೆ, ಎರಡೂ ಒಟ್ಟಿಗೆ ಕೇಳಿದ್ರೆ ಹಿಂದಿಂದ ದೆವ್ವ ಪಿಸುಗುಟ್ಟಿದ ಹಾಗೆ ಆಗತ್ತೆ. ಒಂದೊಂದು ಸ್ವರಾನೂ ಹಳೇದರ ಮೇಲೆ ಕರೆಕ್ಟಾಗಿ ಕೂರೋ ಹಾಗೆ ನುಡಿಸಿದ್ರೆ ಮಾತ್ರ ಬಚಾವ್, ಅಷ್ಟು ಕರೆಕ್ಟಾಗಿ ನುಡಿಸೋನಿಗೆ ಬದಲಾಯಿಸೋ ದರ್ದೇನು? ಬೇಸ್ ಗಿಟಾರಿನ ಕತೆ ಬೇರೆ, ಅದರಿಂದ ವೈರ್ ನೇರ ಎಳೆದು ರೆಕಾರ್ಡ್ ಮಾಡಿರ್ಬೋದು, ಅಲ್ಲಿ ಬದಲಾಯಿಸೋದು ಸ್ವಲ್ಪ ಸುಲಭ. ಹಿನ್ನೆಲೆ ದನಿಗಳಂತೂ ಇನ್ನೂ ಸುಲಭ, ಸ್ಟೇಜ್ ಮೇಲಿನ ಅರೆಬರೆ ಕೋರಸ್ ಮೇಲೆ ಸ್ಟುಡಿಯೋ ಕೋರಸ್ ಹೊದಿಸಿದ್ರೆ ಯಾರಿಗೂ ಗೊತ್ತಾಗಲ್ಲ. ನನ್ನ ಅನುಮಾನ ಮೊದಲಿಂದ್ಲೂ ಆ ಕಡೆಗೇ.

ಸರಿ, ಬಾಕ್ಸ್ ಹೇಗಿದೆ? ಮೊದಲು ರೀಮಾಸ್ಟರ್ ಡಿಸ್ಕ್ ಹಾಕ್ದೆ, ಎರಡು ಹಾಡು ಕೇಳಿ ತೆಗೆದಿಟ್ಟೆ, ಅದು ಬಾಯಿಪಾಠ ಆಗಿರೋ ರೆಕಾರ್ಡು, ಅದಕ್ಕೆ ಮತ್ತೆ ಬರ್ತೀನಿ. ಆಮೇಲೆ ನೇರ ಹ್ಯಾಮರ್‌ಸ್ಮಿತ್ ಮೊದಲ ರಾತ್ರಿ. ಹೆಡ್‌ಫೋನ್ ಹಾಕ್ಕೊಂಡು ಕಣ್ಮುಚ್ಚಿ ಕೂತೆ. ಮೊದಲ ಅನಿಸಿಕೆ, ಅಯ್ಯೋ ಇಷ್ಟು ಒಣ ಒಣ ಇದೆಯಲ್ಲ! 78ರ ಆಲ್ಬಮ್ಮಲ್ಲಿ ಎಲ್ಲಕ್ಕೂ ಒಂದು ಕೊಬ್ಬು ಇದೆ, ಗಿಟಾರೆರಡೂ ಗೋಡೆ ಥರ ನಿಂತಿರತ್ವೆ, ಜನರ ಕೂಗು ಸರಿಯಾದ ಜಾಗದಲ್ಲಿ ಎದ್ದು ಬರತ್ತೆ. ಇಲ್ಲಿ ಅದೆಲ್ಲ ಕಮ್ಮಿ. ಸಿಂಬಲ್ ಸ್ವಲ್ಪ ಕಿವಿ ಕೊರೆಯತ್ತೆ, ಫಿಲ್ ಲಿನಟ್ ದನಿ ಹಾಡೋದಕ್ಕಿಂತ ಮಾತಾಡೋ ಹಾಗೆ ಹತ್ರ ಇದೆ. ಬೇಸ್ ನುಡಿಸ್ತಾ ಹಾಡೋನು ಪಾಪ, ಉಸಿರೂ ಅಲ್ಲಲ್ಲಿ ಓಡಿ ಬಂದವನ ಥರ. ಅರ್ಧ ಗಂಟೆ ಆದ್ಮೇಲೆ ಕಿವಿ ಹೊಂದ್ಕೊಳ್ತು, ಹೊಂದ್ಕೊಂಡ ಮೇಲೆ ಬಿಡೋಕ್ಕೆ ಮನಸ್ಸಾಗ್ಲಿಲ್ಲ.

ಈಗ ಹುಡುಗನ ವಿಷಯ. 'ಸ್ಟಿಲ್ ಇನ್ ಲವ್ ವಿತ್ ಯೂ' ಹಾಡಿಗೆ ಒಂದು ಹಿನ್ನೆಲೆ ಇದೆ. 1974ರ ಸ್ಟುಡಿಯೋ ಆಲ್ಬಮ್ಮಲ್ಲಿ ಆ ಹಾಡಿನ ಸೋಲೋ ಇನ್ನೊಬ್ಬ ಗಿಟಾರಿಸ್ಟ್ ಗ್ಯಾರಿ ಮೂರ್‌ದು, ಅವನು ಬ್ಯಾಂಡಲ್ಲಿದ್ದ ಸ್ವಲ್ಪ ದಿನದಲ್ಲಿ ನುಡಿಸಿಟ್ಟು ಹೋಗಿದ್ದ. ಹದಿನೆಂಟರ ರಾಬರ್ಟ್‌ಸನ್‌ಗೆ ನೀನು ಹೊಸದಾಗಿ ನುಡಿಸು ಅಂದ್ರೆ ಇವನು ಒಪ್ಲಿಲ್ಲ, ಇರೋದೇ ಚೆನ್ನಾಗಿದೆ ಬಿಡಿ ಅಂದ. ಆ ವಯಸ್ಸಲ್ಲಿ ಇಂಥ ವಿವೇಕ ಎಷ್ಟು ಜನಕ್ಕಿರತ್ತೆ ಹೇಳಿ. ಆದ್ರೆ ಸ್ಟೇಜ್ ಮೇಲೆ ಪ್ರತಿ ರಾತ್ರಿ ನುಡಿಸ್ಲೇಬೇಕಲ್ಲ, ನುಡಿಸ್ತಾ ನುಡಿಸ್ತಾ ಅದನ್ನ ಪೂರ್ತಿ ತನ್ನದು ಮಾಡ್ಕೊಂಡ. ಲೆಸ್ ಪಾಲ್ ಗಿಟಾರು, ಕಾಲಲ್ಲಿ ತುಳಿದು ಸ್ವರದ ಬಣ್ಣ ಬದಲಾಯಿಸೋ ವಾ ಪೆಡಲ್, ಅಷ್ಟೇ. ವಾ ಪೆಡಲನ್ನ ತುಂಬಾ ಜನ ಡಿಸ್ಕೋ ಥರ ಚಕ್ ಚಕ್ ಅಂತ ತುಳೀತಾರೆ, ಇವನು ಕಾಲು ಅರ್ಧಕ್ಕೆ ನಿಲ್ಲಿಸಿ ಒಂದೇ ಸ್ವರಕ್ಕೆ ಬಾಯಿ ಅರ್ಧ ತೆರೆದು ಅಳೋ ಗುಣ ಕೊಡ್ತಾನೆ, ತಂತಿನ ಎಳೆದು ಮೇಲೆ ಹೋಗಿ ಅಲ್ಲೇ ನಡುಗಿಸ್ತಾ ಪೆಡಲ್ ನಿಧಾನಕ್ಕೆ ಬಿಡ್ತಾನೆ, ಗಮಕ ಗೊತ್ತಿರೋರಿಗೆ ನಾನೇನು ಹೇಳ್ತಿದೀನಿ ಅಂತ ತಕ್ಷಣ ಗೊತ್ತಾಗತ್ತೆ.

ಈ ಹಾಡನ್ನ ಬೇರೆ ಬೇರೆ ರಾತ್ರಿಗಳದ್ದು ಸಾಲಾಗಿ ಹಾಕ್ಕೊಂಡು ಕೇಳ್ದೆ, ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯ್ತು, ಮನೇಲಿ ಬೈಸ್ಕೊಂಡೆ. ಒಂದು ರಾತ್ರಿಯ ಸೋಲೋ ಇನ್ನೊಂದರ ಥರ ಇಲ್ಲ. ದಾರಿ ಒಂದೇ, ಆದ್ರೆ ಒಂದು ರಾತ್ರಿ ಬೇಗ ಏರ್ತಾನೆ, ಇನ್ನೊಂದು ರಾತ್ರಿ ಎರಡು ಸ್ವರದಲ್ಲೇ ಸುತ್ತಾಡ್ತಾ ಕಾಯಿಸ್ತಾನೆ, ಒಂದು ಕಡೆ ಕೈ ಜಾರಿ ಅಪಸ್ವರ ಬಂದಾಗ ಅದನ್ನೇ ಎಳೆದು ಸರಿ ಜಾಗಕ್ಕೆ ತಂದು ಬಿಡ್ತಾನೆ. ಆ ಜಾರಿದ್ದನ್ನ ನಾನು ನಾಲ್ಕು ಸಲ ಹಿಂದೆ ಹಾಕಿ ಕೇಳಿದೀನಿ. ಸ್ಟುಡಿಯೋ ಕಳ್ಳ ಇದನ್ನ ಮಾಡಲ್ಲ ಸ್ವಾಮಿ. ಇಷ್ಟು ರಾತ್ರಿ ಇಷ್ಟು ಚೆನ್ನಾಗಿ ನುಡಿಸಿರೋನು ಪ್ಯಾರಿಸ್ಸಲ್ಲಿ ಕೂತು ಸೋಲೋ ತುಂಬಿಸೋ ಕರ್ಮ ಏನಿತ್ತು ಅಂತ ಗೆಳೆಯನಿಗೆ ಫೋನ್ ಮಾಡಿ ಕೇಳ್ದೆ. ಅವನು, ಸರಿ ಹುಡುಗನ್ನ ಬಿಟ್ಬಿಡೋಣ, ಬೇಸ್ ಬಗ್ಗೆ ಮಾತಾಡು ಅಂದ! ಬೇಸ್ ಬಗ್ಗೆ ನಾನೂ ಮೆತ್ತಗಾಗ್ಬೇಕಾಯ್ತು, ಅದು ಆಮೇಲೆ.

ಇನ್ನೊಂದು ವಿಷಯ ಈ ಬಾಕ್ಸ್ ಬರೋವರೆಗೂ ನನ್ನ ತಲೆಗೇ ಹೋಗಿರ್ಲಿಲ್ಲ. ಹ್ಯಾಮರ್‌ಸ್ಮಿತ್ ಶೋಗಳಾದ ಕೆಲವೇ ದಿನಕ್ಕೆ, ಅಮೆರಿಕಾ ಟೂರಿಗೆ ಹೊರಡೋ ಹೊತ್ತಿಗೆ ಸರಿಯಾಗಿ, ಲಂಡನ್ನಿನ ಸ್ಪೀಕ್ಈಸಿ ಕ್ಲಬ್ಬಲ್ಲಿ ಹೊಡೆದಾಟ ಆಗಿ ರಾಬರ್ಟ್‌ಸನ್ ಕೈಗೆ ಗಾಜು ತಗುಲಿ ಜೋರಾಗೇ ಗಾಯ ಆಯ್ತು. ಟೂರ್ ಕ್ಯಾನ್ಸಲ್. 1977ರ ಶುರುವಲ್ಲಿ ಕ್ವೀನ್ ಜೊತೆ ಅಮೆರಿಕಾಗೆ ಹೋಗಿದ್ದು ಗ್ಯಾರಿ ಮೂರ್, ಇವನಲ್ಲ. ಆ ವರ್ಷದ ಸ್ಟುಡಿಯೋ ಆಲ್ಬಮ್ಮಿನ ಕವರಲ್ಲೂ ಮೂರೇ ಜನ, ಇವನು ಇಲ್ಲ. ಆಮೇಲೆ ವಾಪಸ್ ಬಂದ. ಹಾಗಾಗಿ ಇದೇ ಬಾಕ್ಸಲ್ಲಿ ಗಾಯಕ್ಕೆ ಮುಂಚಿನ ಮೂರು ರಾತ್ರಿ, ಗಾಯದ ನಂತರದ ನಾಲ್ಕು ರಾತ್ರಿ ಇದಾವೆ. 76ರಲ್ಲಿ ಒಂಥರಾ ಹುಡುಗಾಟ, ಎಲ್ಲೆಲ್ಲಿ ಸಂದು ಸಿಗತ್ತೋ ಅಲ್ಲೆಲ್ಲ ನುಗ್ತಾನೆ, ಪಕ್ಕದಲ್ಲಿ ಇನ್ನೊಬ್ಬ ಗಿಟಾರಿಸ್ಟ್ ಸ್ಕಾಟ್ ಗೋರಮ್ ಐದು ವರ್ಷ ದೊಡ್ಡವನು, ಅವನು ಸುಮ್ನೆ ಜಾಗ ಬಿಟ್ಕೊಟ್ಟು ತನ್ನ ಕೆಲಸ ಮಾಡ್ತಿರ್ತಾನೆ. 77ರ ಫಿಲಡೆಲ್ಫಿಯಾದಲ್ಲಿ ಸ್ವರ ಕಮ್ಮಿ, ತೂಕ ಜಾಸ್ತಿ, ತಂತಿ ಎಳೆಯೋದು ಇನ್ನೂ ನಿಧಾನ. ಕೈ ನೋವಿಗೆ ಹಾಗಾಯ್ತೋ ವಯಸ್ಸಿಗೋ, ನಾನಂತೂ ಎರಡನೇದನ್ನೇ ಜಾಸ್ತಿ ಸಲ ಹಾಕ್ಕೊಂಡಿದೀನಿ. ಇಬ್ರೂ ಸೇರಿ ಜೋಡಿ ಗಿಟಾರ್ ನುಡಿಸೋ ಜಾಗಗಳಲ್ಲಿ ಮಾತ್ರ ಎರಡೂ ವರ್ಷ ಒಂದೇ, ಅಣ್ಣತಮ್ಮಂದಿರು ಒಂದೇ ಹೆಜ್ಜೆ ಹಾಕ್ಕೊಂಡು ನಡೆದ ಹಾಗೆ.

ಸೌಂಡ್ ಕ್ವಾಲಿಟಿ ಬಗ್ಗೆ ನಿಜ ಹೇಳ್ಬೇಕಂದ್ರೆ ಏಳೂ ಶೋ ಒಂದೇ ಮಟ್ಟದಲ್ಲಿಲ್ಲ. ನನ್ನ ಕಿವಿಗೆ ಫಿಲಡೆಲ್ಫಿಯಾದ ಎರಡೂ ರಾತ್ರಿ ಎಲ್ಲಕ್ಕಿಂತ ಮೇಲೆ, ಡ್ರಮ್ಮಿಗೆ ಎದೆ ಇದೆ, ಡ್ರಮ್ಮರ್ ಬ್ರಯಾನ್ ಡೌನಿಯ ಎಡಗೈ ಮಾಡೋ ಸಣ್ಣ ಸಣ್ಣ ಏಟೂ ಕೇಳತ್ತೆ. ಅಲ್ಲಿನ ಒಂದು ರಾತ್ರಿ 2009ರಲ್ಲೇ 'ಸ್ಟಿಲ್ ಡೇಂಜರಸ್' ಅಂತ ಬಂದಿತ್ತು, ಅದಿರೋರಿಗೆ ಈ ರುಚಿ ಗೊತ್ತು. ಟೊರಾಂಟೋ ಸ್ವಲ್ಪ ಡಬ್ಬದೊಳಗೆ ಕೂತ ಹಾಗೆ. ಹ್ಯಾಮರ್‌ಸ್ಮಿತ್ತಲ್ಲಿ ಜನರ ಗಲಾಟೆ ಕೇಳೋಕ್ಕೇ ಒಂದು ಖುಷಿ, ಮನೆ ಜನರ ಮುಂದೆ ನುಡಿಸಿದ ಹಾಗಿದೆ. ರೈನ್‌ಬೋ ಶೋನಲ್ಲಿ ಬ್ಯಾಂಡ್ ಟೈಟಾಗಿದೆ ಆದ್ರೆ ನನಗೆ ಸ್ವಲ್ಪ ಅಭ್ಯಾಸಬಲದ ವಾಸನೆ ಬಂತು, ಇದಕ್ಕೆ ಬೈಯೋರು ಬೈರಿ.

ಬೇಸ್ ಮತ್ತೆ ದನಿ ವಿಷಯದಲ್ಲಿ ಗೆಳೆಯನ ಮಾತಿಗೆ ಬೆಲೆ ಕೊಡ್ಲೇಬೇಕು. ಶೋಗಳಲ್ಲಿ ಫಿಲ್ ಬೇಸ್ ಜೋರಾಗಿ ಓಡತ್ತೆ, ಹಾಡೋ ಸಾಲಲ್ಲಿ ಸರಳ ಆಗತ್ತೆ, ಸಾಲು ಮುಗಿದ ತಕ್ಷಣ ಮತ್ತೆ ಓಡತ್ತೆ. 78ರ ಆಲ್ಬಮ್ಮಲ್ಲಿ ಈ ಏರುಪೇರು ಕಮ್ಮಿ, ಎಲ್ಲಾ ಕಡೆ ಸಮ. ಕೋರಸ್ ದನಿಗಳಂತೂ ಆಲ್ಬಮ್ಮಲ್ಲಿ ಇಸ್ತ್ರಿ ಹಾಕಿದ ಹಾಗಿದೆ, ಶೋಗಳಲ್ಲಿ ಗೋರಮ್ ಮತ್ತೆ ರಾಬರ್ಟ್‌ಸನ್ ಮೈಕ್ ಹತ್ರ ಬಂದ್ರೆ ಕೋರಸ್ಸು, ಬರ್ಲಿಲ್ಲ ಅಂದ್ರೆ ಇಲ್ಲ. ರಿಪೇರಿ ನಡೆದಿದೆ, ಅದು ನಡೆದಿರೋದು ಇಲ್ಲೇ ಅಂತ ನನ್ನ ತೀರ್ಮಾನ. ಶೇಕಡ ಎಷ್ಟು ಅಂತ ಕೇಳ್ಬೇಡಿ, ನಾನು ಆ 75ರ ಆಟಕ್ಕೆ ಬರಲ್ಲ.

ತಮಾಷೆ ಏನಂದ್ರೆ ಇಷ್ಟೆಲ್ಲ ಅಸಲಿ ಟೇಪ್ ಕೇಳಿ ವಾಪಸ್ ಬಂದು 78ರ ಆಲ್ಬಮ್ ಹಾಕಿದ್ರೆ ಅದೇ ಚೆಂದ ಅನ್ಸತ್ತೆ! ಹಾಡಿನಿಂದ ಹಾಡಿಗೆ ಉಸಿರು ಬಿಡದ ಹಾಗೆ ಜೋಡಿಸಿರೋದು, 'ಕೌಬಾಯ್ ಸಾಂಗ್' ಕೊನೇ ಸ್ವರ ಇನ್ನೂ ಗಾಳೀಲಿರೋವಾಗ್ಲೇ 'ದ ಬಾಯ್ಸ್ ಆರ್ ಬ್ಯಾಕ್ ಇನ್ ಟೌನ್' ಬಿದ್ದುಬಿಡೋದು, ಇದು ಬ್ಯಾಂಡೂ ವಿಸ್ಕಾಂಟಿನೂ ಸೇರಿ ಮಾಡಿದ ಕೆಲಸ. ಬ್ರಿಟನ್ ಚಾರ್ಟಲ್ಲಿ ಎರಡನೇ ಸ್ಥಾನದವರೆಗೂ ಸುಮ್ನೆ ಹೋಗ್ಲಿಲ್ಲ ಅದು. ಸೌಂಡ್ ಚೆನ್ನಾಗಿರೋದು ಬೇರೆ, ಸೌಂಡ್ ನಿಜವಾಗಿರೋದು ಬೇರೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ನಾವು ಇಷ್ಟು ವರ್ಷ ಬಡಿದಾಡಿದ್ವಿ. ಹೊಸ ರೀಮಾಸ್ಟರ್ ಬಗ್ಗೆ ಒಂದು ಗೊಣಗಾಟ ಇದೆ, ಹಳೇ ಎಲ್‌ಪಿಲಿ ಇದ್ದ ಮೆತ್ತನೆ ಜಾಗಗಳು ಇಲ್ಲಿ ಸ್ವಲ್ಪ ಮುಂದಕ್ಕೆ ತಳ್ಳಿದ ಹಾಗಿದಾವೆ, ವಾಲ್ಯೂಮ್ ಎರಡು ಗೆರೆ ಇಳಿಸಿದ್ರೆ ಸರಿ ಹೋಗತ್ತೆ.

ಕೊರತೆ ಹೇಳ್ಬೇಕಂದ್ರೆ, ಹಾಡುಗಳು ರಿಪೀಟಾಗತ್ತೆ, ಆಗ್ಲೇಬೇಕು, ಒಂದೇ ಬ್ಯಾಂಡಿನ ಏಳು ಶೋ. ಡ್ರಮ್ ಸೋಲೋ ಬಂದಾಗ್ಲೆಲ್ಲ ನಾನು ಎದ್ದು ನೀರು ಕುಡ್ಕೊಂಡು ಬಂದಿದೀನಿ, ಡೌನಿ ಕ್ಷಮಿಸ್ಲಿ. ಬ್ಯಾಂಡ್ ಹೊಸದಾಗಿ ಕೇಳೋರಿಗೆ ಈ ಬಾಕ್ಸ್ ಬೇಡ, ಮೂಲ ಆಲ್ಬಮ್ ಒಂದು ತಗೊಳ್ಳಿ ಸಾಕು. ಗಿಟಾರ್ ನುಡಿಸೋರು, ಅದ್ರಲ್ಲೂ ಈಗಿನ್ನೂ ಕಲೀತಿರೋ ಹುಡುಗ್ರು ಹುಡುಗೀರು, ಯಾರ ಹತ್ರನಾದ್ರೂ ಎರವಲು ತಗೊಂಡಾದ್ರೂ ಹ್ಯಾಮರ್‌ಸ್ಮಿತ್ ಒಂದು ರಾತ್ರಿ, ಫಿಲಡೆಲ್ಫಿಯಾ ಒಂದು ರಾತ್ರಿ ಬೆನ್ನು ಬೆನ್ನಿಗೆ ಕೇಳಿ.

ಐದಕ್ಕೆ ನಾಲ್ಕು ಕೊಡ್ತೀನಿ. ಗೆಳೆಯ ಕಳೆದ ವಾರ ಬಂದು ಮೂರು ಹ್ಯಾಮರ್‌ಸ್ಮಿತ್ ಡಿಸ್ಕನ್ನೂ ಎತ್ಕೊಂಡು ಹೋದ, ಬೇಸ್ ಮಾತ್ರ ಕೇಳ್ತೀನಿ ಅಂತ. ಇನ್ನೂ ವಾಪಸ್ ಕೊಟ್ಟಿಲ್ಲ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಮೆಸೇಜ್ ಬಂತು, ಬೇಸ್ ಬಗ್ಗೆ ಒಂದಕ್ಷರ ಇಲ್ಲ, ಎರಡನೇ ರಾತ್ರಿ ವಾ ಸೋಲೋ ಕೇಳಿದ್ಯಾ ಅಂತ.