ಅರ್ಧ ಮಳೆ ಅಳೆದ ಮಳೆ ಮಾಪಕ: ಮೂರು ಮಳೆಗಾಲದ ನಂತರ ಬರೆದದ್ದು

ಕೈಯಿಂದ ಅಳೆಯುವ ಸಾದಾ ಮಳೆ ಮಾಪಕ. ಆನ್‌ಲೈನಿನಲ್ಲಿ ತರಿಸಿದ್ದು, ಎರಡು ಸಾವಿರಕ್ಕೆ ಚೂರು ಕಡಿಮೆ. ಪೆಟ್ಟಿಗೆಯಲ್ಲಿ ಇದ್ದದ್ದು ಫೈಬರಿನ ಒಂದು ಹೊರಕವಚ, ಮೇಲೆ ಕೂರಿಸುವ ಲಾಳಿಕೆ, ಒಳಗಿಡುವ ಎರಡು ಲೀಟರ್ ಬಾಟಲಿ, ಗೆರೆ ಹಾಕಿದ ಒಂದು ಅಳತೆ ಜಾಡಿ. ಬ್ಯಾಟರಿ ಇಲ್ಲ, ಆ್ಯಪ್ ಇಲ್ಲ. ಕರೆಂಟು ಹೋದರೆ ಮೂರು ದಿನ ಬಾರದ ಊರಿಗೆ ಇದೇ ಸರಿ ಅಂತ ಆರಿಸಿಕೊಂಡೆ.

ನಮ್ಮದು ಹೊಸನಗರ ತಾಲೂಕು. ಮಳೆಗೆ ಹೆಸರಾದ ಹುಲಿಕಲ್ ಇರುವ ತಾಲೂಕು ಅಂದಮೇಲೆ ಮಳೆ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೂರೂವರೆ ಎಕರೆ ಅಡಿಕೆ. ಯಜಮಾನರು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ತೋಟ ನೋಡಿಕೊಳ್ಳುವುದು ನಾನು ಮತ್ತು ಮಾವ. ಮಾವನಿಗೆ ಎಂಬತ್ತೊಂದು. ಅವರ ಮಳೆ ಲೆಕ್ಕವೆಲ್ಲ ನಕ್ಷತ್ರದ್ದು. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಅಂತ ಜಗಲಿ ಮೇಲೆ ಕೂತು ಹೇಳುವವರು. ಮಾಪಕದ ಪೆಟ್ಟಿಗೆ ಬಿಚ್ಚಿದ ದಿನ "ಮಳೆ ಬಂದದ್ದು ತಿಳಿಯೋದಕ್ಕೆ ಡಬ್ಬಿ ಬೇಕಾ?" ಅಂದರು.

ಮೊದಲು ಜಾಗದ ಮಾತು. ಅಕ್ಕಪಕ್ಕದ ಮರ, ಮಾಡು ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರದಲ್ಲಿ ಮಾಪಕ ಇಡಬೇಕು, ಬಾಯಿ ನೆಲದಿಂದ 30 ಸೆಂ.ಮೀ. ಮೇಲಿರಬೇಕು. ಇಲ್ಲದಿದ್ದರೆ ನೆಲಕ್ಕೆ ಬಿದ್ದ ಹನಿ ಸಿಡಿದು ಒಳಗೆ ಬೀಳುತ್ತದೆ. ಮಲೆನಾಡಿನಲ್ಲಿ ಅಷ್ಟು ಬಯಲು ಎಲ್ಲಿಂದ ತರೋದು? ಕಡೆಗೆ ಅಡಿಕೆ ಒಣಗಿಸುವ ಅಂಗಳದ ಮಧ್ಯೆ ಕಲ್ಲಿನ ಮೇಲೆ ಕೂರಿಸಿದೆ. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆಯುವುದು. ಹವಾಮಾನ ಇಲಾಖೆಯ ಮಳೆ ಲೆಕ್ಕದ ದಿನವೂ ಬೆಳಿಗ್ಗೆ ಎಂಟೂವರೆಯಿಂದಲೇ ಶುರು.

ಜೂನ್ ಕೊನೆ, ಆರಿದ್ರಾ ಮಳೆ. ರಾತ್ರಿಯಿಡೀ ಹೆಂಚು ಒಡೆಯುವ ಹಾಗೆ ಹೊಯ್ದಿತ್ತು. ಬೆಳಿಗ್ಗೆ ಜಾಡಿ ತೋರಿಸಿದ್ದು 29 ಮಿ.ಮೀ. ನಾನು ಪುಸ್ತಕದಲ್ಲಿ ಬರೆದು, ಮಾವನಿಗೆ ಗತ್ತಿನಿಂದ ಹೇಳಿದೆ. ಅವರು ಹಳ್ಳದ ಕಡೆ ಕೈ ತೋರಿಸಿ, "ಬಟ್ಟೆ ಒಗೆಯೋ ಕಲ್ಲು ಮುಳುಗಿದೆ. ಅದು ಮುಳುಗಬೇಕಾದರೆ ಇಷ್ಟು ಸಾಲದು. ನಿನ್ನ ಡಬ್ಬಿ ಸುಳ್ಳು ಹೇಳ್ತದೆ" ಅಂದರು. ಮುದುಕರ ಹಟ ಅಂದುಕೊಂಡೆ. ಆದರೆ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು, ಯಾಕೆಂದರೆ ಅಂಗಳದಲ್ಲಿ ಮರೆತು ಬಿಟ್ಟಿದ್ದ ಸ್ಟೀಲಿನ ಹಿಟ್ಟಿನ ಡಬ್ಬದಲ್ಲೂ ನೀರು ನಿಂತಿತ್ತು. ಬದಿ ನೇರವಾಗಿರುವ ಪಾತ್ರೆಯಾದರೆ ಬಾಯಿ ದೊಡ್ಡದಿರಲಿ, ಸಣ್ಣದಿರಲಿ, ಬಿದ್ದ ಮಳೆಯಷ್ಟೇ ಆಳ ನೀರು ನಿಲ್ಲಬೇಕು. ಮಗನ ಸ್ಕೇಲು ಇಳಿಸಿ ನೋಡಿದೆ. 58.

ಒಂದು ದಿನದ್ದನ್ನು ನಂಬುವ ಹಾಗಿಲ್ಲ. ಮಾರನೆ ದಿನ ಎರಡನ್ನೂ ಪಕ್ಕಪಕ್ಕ ಬೇಕೆಂದೇ ಇಟ್ಟೆ. ಡಬ್ಬದಲ್ಲಿ 40, ಜಾಡಿಯಲ್ಲಿ 20ರ ಮೇಲೆ ಚೂರು. ಮೂರನೆ ದಿನ 76, 38. ಹೊಲಿಗೆ ಟೇಪು ತಂದು ಲಾಳಿಕೆಯ ಬಾಯಿ ಅಳೆದೆ. ಅಡ್ಡಳತೆ 11.3 ಸೆಂ.ಮೀ., ಅಂದರೆ 100 ಚದರ ಸೆಂ.ಮೀ. ಬಾಯಿ. ಜಾಡಿಯ ತಳದಲ್ಲಿ ಕಾಣಿಸದಷ್ಟು ಸಣ್ಣಕ್ಷರದಲ್ಲಿ 200 ಅಂತ ಕೊರೆದಿತ್ತು, ಅಂದರೆ 200 ಚದರ ಸೆಂ.ಮೀ. ಬಾಯಿಯ ಮಾಪಕದ್ದು! ನನ್ನ ಮಾಪಕದಲ್ಲಿ ಒಂದು ಮಿ.ಮೀ. ಮಳೆ ಅಂದರೆ 10 ಮಿ.ಲೀ. ನೀರು. ಆ ಜಾಡಿಯ ಪ್ರಕಾರ 20 ಮಿ.ಲೀ. ಬೇಕು. ಬೇರೆ ಮಾಪಕದ ಜಾಡಿ ಹಾಕಿ ಕಳಿಸಿದ್ದರು. ಜೂನ್ ಪೂರ್ತಿ ನಾನು ಬರೆದದ್ದು ಅರ್ಧ ಮಳೆ. ಪುಸ್ತಕದಲ್ಲಿ ಕೆಂಪು ಪೆನ್ನಿನಲ್ಲಿ ಎಲ್ಲವನ್ನೂ ದುಪ್ಪಟ್ಟು ಮಾಡಿದೆ.

ಮಾವ ಗೆದ್ದ ಹಾಗೆ ಮೀಸೆ ತಿರುವಲಿಲ್ಲ. ಅರವತ್ತು ವರ್ಷ ಆ ಕಲ್ಲನ್ನು ನೋಡಿದವರಿಗೆ ಕಲ್ಲೇ ಮಾಪಕ. ಅದಕ್ಕೆ ಗೆರೆ ಇಲ್ಲ ಅಷ್ಟೇ. ಹಾಗಂತ ಅವರದ್ದೆಲ್ಲ ಸರಿ ಅಂತಲೂ ಅಲ್ಲ. "ಈ ಸಲ ಆಶ್ಲೇಷಾ ಮಳೆ ಹೊಯ್ಯಲೇ ಇಲ್ಲ" ಅಂತ ಅವರು ಕಳೆದ ವರ್ಷ ಊರಿಗೆಲ್ಲ ಹೇಳಿಕೊಂಡು ಬಂದರು. ಪುಸ್ತಕ ತೆಗೆದರೆ ಹದಿನಾಲ್ಕು ದಿನದಲ್ಲಿ ಹನ್ನೊಂದು ದಿನ ಮಳೆ, ಒಟ್ಟು 312 ಮಿ.ಮೀ. ಬಂದದ್ದೆಲ್ಲ ರಾತ್ರಿ, ಹಗಲು ಬಿಸಿಲು. ಹಗಲು ನೋಡಿದ್ದು ನೆನಪಿತ್ತು, ನಿದ್ದೆಯಲ್ಲಿ ಬಂದದ್ದು ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಉಪಯೋಗ ಏನು ಅಂತ ಕೇಳುವವರಿಗೆ: ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗದ ಔಷಧಿ. ಮಳೆಗಾಲಕ್ಕೆ ಮುಂಚೆ ಒಂದು ಸಲ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಸಿ, 40-45 ದಿನಕ್ಕೆ ಇನ್ನೊಂದು ಸಲ ಹೊಡೆಸುವುದು ಎಲ್ಲರ ಪದ್ಧತಿ. ದಿನ ಎಣಿಸುವುದರ ಜೊತೆ ಈಗ ನಾನು ಮಳೆಯನ್ನೂ ಕೂಡಿಸುತ್ತೇನೆ. ವಿಪರೀತ ಹೊಯ್ದ ವರ್ಷ ಮಳೆ ಬಿಟ್ಟು ಹೊಳವು ಸಿಕ್ಕ ಮೊದಲ ದಿನವೇ, ಮೂವತ್ತೈದು ದಿನಕ್ಕೇ ಹೊಡೆಸಿದೆ. (ಮರ ಹತ್ತಿ ಹೊಡೆಯುವ ಕೊನೆಗಾರ ಸಿಗಬೇಕಲ್ಲ, ಅದಕ್ಕೆ ಯಾವ ಮಾಪಕವೂ ಇಲ್ಲ.)

ಈ ಮೈಲುತುತ್ತ-ಸುಣ್ಣದ ಔಷಧಿ ಹುಟ್ಟಿದ್ದೂ ಯಾರೋ ಸರಿಯಾಗಿ ನೋಡಿದ್ದರಿಂದಲೇ. ಫ್ರಾನ್ಸಿನ ಬೋರ್ಡೋ ಕಡೆ ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನದಿರಲಿ ಅಂತ ರಸ್ತೆ ಪಕ್ಕದ ಸಾಲಿಗೆ ಅದನ್ನು ಬಳಿಯುತ್ತಿದ್ದರಂತೆ. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಕಂಡದ್ದು, ಉಳಿದ ಬಳ್ಳಿಗಳ ಎಲೆ ರೋಗಕ್ಕೆ ಉದುರಿದೆ, ಕಳ್ಳರಿಗೆ ಹೆದರಿ ಬಳಿದ ಸಾಲು ಮಾತ್ರ ಹಸಿರಾಗಿದೆ. ಆ ದಾರಿಯಲ್ಲಿ ಎಷ್ಟು ಜನ ಓಡಾಡಿದ್ದರೋ! ಆತ ಮಾತ್ರ ನಿಂತು ಯಾಕೆ ಅಂತ ಕೇಳಿದ, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಅದನ್ನು ನಮ್ಮ ಅಡಿಕೆಗೆ ತಂದವರು ಮೈಸೂರು ಸಂಸ್ಥಾನದ ಕೆಲಸಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್. ಕೊಳೆಗೆ ಕಾರಣವಾದ ಶಿಲೀಂಧ್ರದಂಥ ಸೂಕ್ಷ್ಮಜೀವಿಯನ್ನು ಹಿಡಿದು 1910ರಲ್ಲಿ ಬರೆದರು. ಅದಕ್ಕೆ ಮೊದಲೂ ನಮ್ಮವರು ಸುಮ್ಮನೆ ಕೂತಿರಲಿಲ್ಲ, ಕೊನೆಗೆ, ಅಂದರೆ ಅಡಿಕೆ ಗೊನೆಗೆ, ಮಳೆ ತಾಗದ ಹಾಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರು. ನೀರು ತಾಗದ ಕೊನೆ ಕೊಳೆಯುವುದಿಲ್ಲ ಅಂತ ಕಂಡುಕೊಂಡಿದ್ದರು. ಯಾಕೆ ಅನ್ನುವುದು ಗೊತ್ತಾದದ್ದು ಸೂಕ್ಷ್ಮದರ್ಶಕ ಬಂದಮೇಲೆ.

ಮಾಪಕಕ್ಕೆ ಗೊತ್ತಾಗದ್ದೂ ಇದೆ. ಅದೇ ಮಳೆ ಬಿದ್ದರೂ ತಗ್ಗಿನ ತೋಟಕ್ಕೆ ಪ್ರತಿವರ್ಷ ಕೊಳೆ ಹೆಚ್ಚು. ಅಲ್ಲಿ ಗಾಳಿ ಆಡುವುದಿಲ್ಲ, ಕೊನೆ ಒಣಗುವುದಿಲ್ಲ. ಅದನ್ನು ತಿಳಿಯಲು ತೋಟಕ್ಕೇ ಇಳಿಯಬೇಕು.

ಪಂಚಾಯ್ತಿಯ ಮಾಪಕ ಇರುವಾಗ ಸ್ವಂತದ್ದು ಯಾಕೆ ಅಂತ ನನ್ನ ತಮ್ಮ ಕೇಳಿದ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿ ನಾನೂ ನೋಡುತ್ತೇನೆ. ಆದರೆ ಆ ಮಾಪಕ ಗುಡ್ಡದ ಆಚೆಗಿದೆ. ಒಂದು ದಿನ ಅಲ್ಲಿ 51 ಇದ್ದಾಗ ನಮ್ಮ ಅಂಗಳದಲ್ಲಿ 94 ಇತ್ತು.

ಇನ್ನು ದೂರುಗಳು. ಲಾಳಿಕೆಯ ತೂತು ತೀರಾ ಸಣ್ಣದು, ಗಾಳಿಗೆ ಹಾರಿ ಬಂದ ಒಂದು ಎಲೆ ಸಾಕು, ಕಟ್ಟಿಕೊಳ್ಳುತ್ತದೆ. ಒಮ್ಮೆ ಮರಗಪ್ಪೆ ಕೂತಿತ್ತು. ಬಾಟಲಿ 200 ಮಿ.ಮೀ.ಗೆ ತುಂಬಿ ಹೋಗುತ್ತದೆ, ನಮ್ಮಂಥ ಊರಿಗೆ ಸಾಲದು. ಮಳೆ ಜೋರಿದ್ದ ದಿನ ಸಂಜೆಯೂ ಒಮ್ಮೆ ಅಳೆದು ಕೂಡಿಸಬೇಕು. ಹೊರಕವಚ ಮಾತ್ರ ಗಟ್ಟಿ, ಕರು ಗುದ್ದಿದರೂ ಬಿರುಕು ಬಿಟ್ಟಿಲ್ಲ. ಐದಕ್ಕೆ ಮೂರು ಕೊಡುತ್ತೇನೆ. ಕೊಳ್ಳುವವರು ಲಾಳಿಕೆಯ ಬಾಯಿ ಎಷ್ಟು, ಜಾಡಿ ಎಷ್ಟರದ್ದು ಅಂತ ಕೇಳಿಯೇ ದುಡ್ಡು ಕೊಡಿ. ಬಂದಮೇಲೆ ಹಿಟ್ಟಿನ ಡಬ್ಬ ಪಕ್ಕಕ್ಕಿಟ್ಟು ಒಂದು ಮಳೆ ನೋಡಿ.

ಮಾರಿದವರಿಗೆ ಫೋಟೋ ಸಮೇತ ಬರೆದಿದ್ದೆ. ಹನ್ನೊಂದು ದಿನಕ್ಕೆ ಬದಲಿ ಜಾಡಿ ಬಂತು. ಮಾವ ಕನ್ನಡಕ ಹಾಕಿಕೊಂಡು ತಳ ಓದಿದರು: 200. ಈಗ ಒಂದರಲ್ಲಿ ಅಳೆದು ಎರಡರಿಂದ ಗುಣಿಸುತ್ತೇನೆ. ಇನ್ನೊಂದು, ಇದು ಒಡೆದರೆ ಇರಲಿ ಅಂತ, ಅಟ್ಟದ ಮೇಲಿದೆ.