ವಿಯೆಟ್ನಾಂ ಸಂತೆಗಳು: ಬೆನ್ ಥಾನ್‌ಗಿಂತ ಬಿನ್ ಟೇ ವಾಸಿ, ಸಸ್ಯಾಹಾರಿಗಳಿಗೂ ದಾರಿಯಿದೆ

ಕೋಲಾರದ ಎಪಿಎಂಸಿಯ ಟೊಮೆಟೊ ಹರಾಜು, ಶ್ರೀನಿವಾಸಪುರದ ಮಾವಿನ ಮಂಡಿ ನೋಡಿದವರಿಗೆ ಹೋ ಚಿ ಮಿನ್ ಸಿಟಿಯ ಬೆನ್ ಥಾನ್ ಮಾರುಕಟ್ಟೆ ಸಪ್ಪೆ ಅನ್ನಿಸುತ್ತದೆ. 1914ರ ಗಡಿಯಾರ ಗೋಪುರದ ಕಟ್ಟಡ ಚೆಂದವೇ, ಆದರೆ ಒಳಗಿನ ವ್ಯಾಪಾರ ಬಹುಪಾಲು ಪ್ರವಾಸಿಗರನ್ನೇ ನಂಬಿಕೊಂಡಿದೆ. ಚೌಕಾಸಿ ಮಾಡದೆ ಕೊಂಡರೆ ದುಬಾರಿ. ಅರ್ಧ ಗಂಟೆ ಸಾಕು. ಸಗಟು ವ್ಯಾಪಾರದ ಗದ್ದಲ ನೋಡಬೇಕಿದ್ದರೆ ಅದೇ ನಗರದ ಚೋಲಾನ್ ಕಡೆಯ ಬಿನ್ ಟೇ ಮಾರುಕಟ್ಟೆಗೆ ಬೆಳಿಗ್ಗೆಯೇ ಹೋಗಿ. ಒಣ ಅಣಬೆ, ಮಸಾಲೆ, ಒಣಮೀನು ಎಲ್ಲವೂ ಮೂಟೆಗಟ್ಟಲೆ. ಓಣಿಗಳು ಇಕ್ಕಟ್ಟು, ಹೊರೆ ಹೊತ್ತವರಿಗೆ ದಾರಿ ಬಿಟ್ಟು ನಿಲ್ಲಬೇಕು.

ಊಟದ ವಿಷಯಕ್ಕೇ ಹೆಚ್ಚು ಎಚ್ಚರ ಬೇಕು. ಮೀನಿನ ಸಾಸ್ ಆದ ‘ನುವೊಕ್ ಮಮ್’ ಅಲ್ಲಿ ಉಪ್ಪಿನಷ್ಟೇ ಸಾಮಾನ್ಯ. ಫೋ ನೂಡಲ್ಸ್‌ನಲ್ಲಿ ಮಾಂಸದ ತುಂಡು ಬೇಡವೆಂದರೆ ತೆಗೆದು ಕೊಡುತ್ತಾರೆ, ಸಾರು ಮಾತ್ರ ದನದ ಇಲ್ಲವೇ ಕೋಳಿಯ ಮೂಳೆ ಕುದಿಸಿದ್ದೇ ಆಗಿರುತ್ತದೆ. ಬೆಳಿಗ್ಗೆ ಮಾರುವ ಅಂಟು ಅಕ್ಕಿಯ ‘ಸೋಯ್’ ಹೆಸರುಬೇಳೆ ಹಾಕಿದ್ದಾದರೂ, ಮೇಲೆ ಸುರಿಯುವ ಈರುಳ್ಳಿ ಸೊಪ್ಪಿನ ಎಣ್ಣೆ ಹಂದಿ ಕೊಬ್ಬಿನದಿರಬಹುದು. ನಮ್ಮಲ್ಲಿ ಸೀಬೆಕಾಯಿಗೆ ಉಪ್ಪು-ಖಾರ ಹಚ್ಚುವಂತೆ ಅಲ್ಲೂ ಕೊಡುತ್ತಾರೆ. ಆದರೆ ಆ ಕೆಂಪು ಪುಡಿಯಲ್ಲಿ ಹೆಚ್ಚಾಗಿ ಒಣ ಸೀಗಡಿ ಸೇರಿರುತ್ತದೆ. ಸಸ್ಯಾಹಾರಿಗಳು ಅದನ್ನು ಬಿಟ್ಟು ಬರೀ ಉಪ್ಪು ಕೇಳಿ.

ಹಾಗಾದರೆ ತಿನ್ನುವುದೇನು? ‘ಚಾಯ್’ ಎಂದು ಬೋರ್ಡ್ ಹಾಕಿದ ಅಂಗಡಿ ಹುಡುಕಿ. ಬೌದ್ಧ ಪದ್ಧತಿಯ ಸಸ್ಯಾಹಾರ ಅದು: ತೋಫು, ಅಣಬೆ, ಅನ್ನ, ಸೋಯಾ ಸಾಸ್. ಅವರ ಚಾಂದ್ರಮಾಸದ 1 ಮತ್ತು 15ನೇ ದಿನ ಬಹಳ ಜನ ಮಾಂಸ ಬಿಡುತ್ತಾರೆ, ಅಂದು ಚಾಯ್ ಅಂಗಡಿಗಳಲ್ಲಿ ಜನವೋ ಜನ. ನಮ್ಮ ಕ್ಯಾಲೆಂಡರಿನ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲೇ ಆ ದಿನಗಳು ಬೀಳುವುದರಿಂದ ಪ್ರಯಾಣವನ್ನು ಹಾಗೆಯೇ ಹೊಂದಿಸಿಕೊಳ್ಳಬಹುದು. ಅವರ ಭಾಷೆಯಲ್ಲಿ ಸ್ವರದ ಏರಿಳಿತ ತಪ್ಪಿದರೆ ಅರ್ಥವೇ ಬೇರೆ, ಹಾಗಾಗಿ ‘ಮಾಂಸ, ಮೀನಿನ ಸಾಸ್ ಬೇಡ’ ಎಂಬುದನ್ನು ವಿಯೆಟ್ನಾಮೀಸ್‌ನಲ್ಲಿ ಮೊಬೈಲಿನಲ್ಲಿ ಬರೆದಿಟ್ಟುಕೊಂಡು ತೋರಿಸುವುದೇ ಸರಿ.

ದುಡ್ಡಿನ ಲೆಕ್ಕ: ಒಂದು ರೂಪಾಯಿಗೆ ಸರಿಸುಮಾರು 300 ಡಾಂಗ್. ಬೆಲೆ ‘50’ ಎಂದರೆ 50,000, ಅಂದರೆ 165 ರೂಪಾಯಿ ಹತ್ತಿರ. 20,000 ಮತ್ತು 5,00,000ದ ನೋಟುಗಳೆರಡೂ ನೀಲಿ; ಅವಸರದಲ್ಲಿ ಅದಲುಬದಲಾದರೆ ಹೋದದ್ದು ಹೋಯಿತು. ದೊಡ್ಡ ನೋಟನ್ನು ಬೇರೆ ಜೇಬಿನಲ್ಲಿಡಿ. ಹಣ್ಣಿನ ಬೆಲೆ ಕೆಜಿಗೋ ಒಂದಕ್ಕೋ ಎಂದು ತೂಗುವ ಮೊದಲೇ ಕೇಳಿ.

ಮೆಕಾಂಗ್ ನದಿ ಸೀಮೆಯ ಕಾನ್ ಥೋ ಊರಿನ ಕೈ ರಾಂಗ್ ತೇಲುಸಂತೆ ಈಗಲೂ ನೋಡತಕ್ಕದ್ದೇ, ಆದರೆ ರಸ್ತೆಗಳು ಸುಧಾರಿಸಿದ ಮೇಲೆ ದೋಣಿಗಳು ಕಡಿಮೆಯಾಗಿವೆ. ಹೋ ಚಿ ಮಿನ್ ಸಿಟಿಯಿಂದ ಸುಮಾರು 170 ಕಿ.ಮೀ. ಇರುವುದರಿಂದ ಬೆಳಿಗ್ಗೆ ಹೊರಟರೆ ಸಿಗುವುದಿಲ್ಲ. ಹಿಂದಿನ ರಾತ್ರಿಯೇ ಕಾನ್ ಥೋದಲ್ಲಿ ತಂಗಿ, ಐದಕ್ಕೆಲ್ಲ ದೋಣಿ ಹತ್ತಬೇಕು. ಒಂಬತ್ತಕ್ಕೆ ಸಂತೆ ಕರಗಿರುತ್ತದೆ. ಪ್ರತಿ ದೋಣಿಯ ಮುಂದೆ ಉದ್ದದ ಬಿದಿರಿನ ಕೋಲು, ಅದರ ತುದಿಗೆ ಅನಾನಸ್ ಕಟ್ಟಿದ್ದರೆ ಅನಾನಸ್, ಕುಂಬಳ ಕಟ್ಟಿದ್ದರೆ ಕುಂಬಳ. ತೆಂಗಿನ ಗರಿ ನೇತಾಡುತ್ತಿದ್ದರೆ ದೋಣಿಯೇ ಮಾರಾಟಕ್ಕಿದೆ!

ಟೆಟ್ ಹೊಸವರ್ಷದ ದಿನಗಳಲ್ಲಿ ಹೋಗಬೇಡಿ, ಮಳಿಗೆಗಳು ಮುಚ್ಚಿರುತ್ತವೆ. ಮನೆಗೆ ತರಲು ಕಾಫಿ ಒಳ್ಳೆಯದು. ಪುಡಿ ಬೇಡ, ಬೀಜವನ್ನೇ ಕೊಳ್ಳಿ: ಅವರ ಫಿನ್ ಫಿಲ್ಟರಿಗೆಂದು ದಪ್ಪಗೆ ಬೀಸಿದ್ದರಿಂದ ನಮ್ಮ ಫಿಲ್ಟರಿನಲ್ಲಿ ಡಿಕಾಕ್ಷನ್ ನೀರಾಗಿ ಇಳಿಯುತ್ತದೆ.