ಸಂಘದ ಕೆಲಸಕ್ಕೆ ಸಂಬಳದ ಅಡ್ಮಿನ್ ಇಡುವವರು ಇದನ್ನು ಓದಿ

ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯ ಸಂಘದವರೇ, ದಯವಿಟ್ಟು ಪೂರ್ತಿ ಓದಿ. ವಕೀಲರದ್ದಿರಲಿ, ಇಂಜಿನಿಯರುಗಳದ್ದಿರಲಿ, ಮೆಡಿಕಲ್ ಅಂಗಡಿಯವರದ್ದಿರಲಿ. "ನಿಮ್ಮ ಘಟಕದ ಆಫೀಸ್ ಕೆಲಸ ಎಲ್ಲ ನಮಗೆ ಬಿಡಿ, ನೀವು ಸುಮ್ನೆ ಸಭೆಗೆ ಬಂದು ಕೂತರೆ ಸಾಕು" ಎಂದು ಹೇಳಿಕೊಂಡು ಒಬ್ಬರು ನಿಮ್ಮಲ್ಲಿಗೂ ಬರಬಹುದು. ಹೆಸರು ಬರೆಯುವುದಿಲ್ಲ. ದೂರು ಕೊಟ್ಟಿದ್ದೇವೆ, ಅದರ ದಾರಿ ಅದು ನೋಡಿಕೊಳ್ಳಲಿ.

ನಮ್ಮದು ತೆರಿಗೆ ಸಲಹೆಗಾರರ ಸಂಘದ ಘಟಕ. ನಗಬೇಡಿ. ಊರವರ ಲೆಕ್ಕ ನೋಡುವವರ ಸಂಘದಲ್ಲೇ ಇದು ಆದದ್ದು.

ಇಂಥ ಘಟಕ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಅಧ್ಯಕ್ಷರಿಗೂ ಸಂಬಳ ಇಲ್ಲ, ಕಾರ್ಯದರ್ಶಿಗೂ ಇಲ್ಲ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅಂತ ವ್ಯಾಪಾರಿಗಳ ಜಿಎಸ್‌ಟಿ ರಿಟರ್ನ್, ಜುಲೈ ಬಂತೆಂದರೆ ಆದಾಯ ತೆರಿಗೆ ರಿಟರ್ನಿನ ಗಲಾಟೆ. ಇದರ ನಡುವೆ ಸದಸ್ಯತ್ವ ನವೀಕರಣ, ಸೆಮಿನಾರಿಗೆ ಹಾಲ್, ಮಹಾಸಭೆಯ ನೋಟಿಸ್, ಸಭೆ ಮುಗಿದು 14 ದಿನದೊಳಗೆ ರಿಜಿಸ್ಟ್ರಾರ್ ಕಚೇರಿಗೆ ಪದಾಧಿಕಾರಿಗಳ ಪಟ್ಟಿ. ಯಾರು ಮಾಡುವುದು? ಸಂಬಳ ಕೊಟ್ಟು ಒಬ್ಬರನ್ನು ಇಡುವ ಎಂದು ಸಮಿತಿಯಲ್ಲಿ ತೀರ್ಮಾನ ಆಯಿತು.

ಬಂದವರಿಗೆ ಕನ್ನಡ, ಮಲಯಾಳಂ, ತುಳು ಮೂರೂ ಸಲೀಸು. ಮಾತು ಬೆಣ್ಣೆ. "ನಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿ ಸರ್, ಸುಮಾರು ಸಂಘಗಳ ಕೆಲಸ ಮಾಡುತ್ತೇವೆ" ಎಂದರು. ಯಾವ ಸಂಘಗಳು ಎಂದು ಕೇಳಿದರೆ, ಪಟ್ಟಿ ಕಳಿಸುತ್ತೇನೆ ಎಂದರು. ಆ ಪಟ್ಟಿ ಇವತ್ತಿಗೂ ಬಂದಿಲ್ಲ. ಮೊದಲ ಕೆಲವು ತಿಂಗಳು ಎಲ್ಲ ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ನೋಟಿಸ್ ಸಮಯಕ್ಕೆ ಹೋಗುತ್ತಿತ್ತು. ಚಹಾಕ್ಕೆ ಎಷ್ಟು ಜನ ಅಂತ ಲೆಕ್ಕ ಸಹ ಸರಿ ಇರುತ್ತಿತ್ತು.

ಆಮೇಲೆ ಬಂತು ಸೆಮಿನಾರ್. ವಿಷಯ ಏನು ಗೊತ್ತಾ? ಜಿಎಸ್‌ಟಿ ನೋಟಿಸಿಗೆ ಉತ್ತರ ಬರೆಯುವುದು! ಶುಲ್ಕ 500 ಎಂದು ಸಮಿತಿ ಇಟ್ಟಿತ್ತು. ಹಾಲಿನಲ್ಲಿ ಎಲ್ಲರೂ ಕೂತಾಗಿದೆ, ಮಾತಾಡಲು ಬಂದವರು ಮೈಕ್ ಹಿಡಿದಿದ್ದಾರೆ. ಬದಿಯಡ್ಕದ ಹಿರಿಯ ಸದಸ್ಯರೊಬ್ಬರು ಮೊಬೈಲ್ ಎತ್ತಿ ಹಿಡಿದು ನನ್ನನ್ನೇ ಕೇಳಿದರು. "ಮಾರಾಯ್ರೇ, ನಾನು 590 ಕೊಟ್ಟಿದ್ದೇನೆ. ರಸೀದಿಯಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಅಂತ ಇದೆ. ನಮ್ಮ ಘಟಕಕ್ಕೆ ಜಿಎಸ್‌ಟಿ ನಂಬರ್ ಯಾವಾಗ ಆಯಿತು?"

ಆಗಲೇ ಇಲ್ಲ! ನಮ್ಮ ವರಮಾನ ನೋಂದಣಿಯ ಮಿತಿಯಾದ 20 ಲಕ್ಷದ ಹತ್ತಿರಕ್ಕೂ ಬರುವುದಿಲ್ಲ, ನೋಂದಣಿಯೇ ಇಲ್ಲ. ನೋಂದಣಿ ಇಲ್ಲದವರು ತೆರಿಗೆ ವಸೂಲಿ ಮಾಡಬಾರದು, ಜಿಎಸ್‌ಟಿ ಕಾಯ್ದೆಯ 32ನೇ ಸೆಕ್ಷನ್. ಅಂಗಡಿಯವರಿಗೆ ಇದನ್ನೇ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡವರು ನಾವು. ನಮ್ಮ ಸಂಘದ ಹೆಸರಿನ ರಸೀದಿ, ನಂಬರಿಲ್ಲದ ಜಿಎಸ್‌ಟಿ, ಎದುರಿಗೆ ಹಾಲ್ ತುಂಬ ತೆರಿಗೆ ಸಲಹೆಗಾರರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆ ನಗು ಈಗಲೂ ಕಿವಿಯಲ್ಲಿದೆ.

ಊಟದ ಹೊತ್ತಿಗೆ ಫೋನ್ ಮಾಡಿದೆ. ಉತ್ತರ ಕೇಳಿ.

"ಅದು ಸಾಫ್ಟ್‌ವೇರ್ ತಾನೇ ಹಾಕುತ್ತದೆ ಸರ್."

ಸಾಫ್ಟ್‌ವೇರ್ ಹಾಕಿದ ಹಣ ಎಲ್ಲಿ ಹೋಯಿತು ಎಂದೆ. "ಅದು ನಮ್ಮ ಕಂಪನಿಯ ಜಿಎಸ್‌ಟಿ ಸರ್, ನಾವು ಕಟ್ಟುತ್ತೇವೆ." ಹಾಗಾದರೆ ನಂಬರ್ ಕಳಿಸಿ ಎಂದೆ. ಸಂಜೆ ಕಳಿಸಿದರು. ಕೇರಳದ ನಂಬರ್ 32ರಿಂದ ಶುರುವಾಗಬೇಕು, ಇದು 29, ಕರ್ನಾಟಕದ್ದು. ಅಂಕೆಗಳನ್ನೂ ಸೇರಿಸಿ ಎಣಿಸಿದರೆ ಆರನೇ ಅಕ್ಷರ ಪಿ, ಅಂದರೆ ವ್ಯಕ್ತಿ. ಕಂಪನಿಯಾದರೆ ಅಲ್ಲಿ ಸಿ ಇರಬೇಕು. ಅಂದರೆ ಪ್ರೈವೇಟ್ ಲಿಮಿಟೆಡ್ಡೂ ಇಲ್ಲ, ಏನೂ ಇಲ್ಲ, ಒಬ್ಬನೇ ಮನುಷ್ಯ. ಜಿಎಸ್‌ಟಿ ಪೋರ್ಟಲಿನಲ್ಲಿ ಲಾಗಿನ್ ಇಲ್ಲದೆಯೂ ನಂಬರ್ ಹುಡುಕಬಹುದು. ಹುಡುಕಿದೆ. ನೋಂದಣಿ ರದ್ದು!

ಇದನ್ನು ಹೇಳಿದಾಗ ಆ ಮನುಷ್ಯ ಏನಂದ ಗೊತ್ತಾ? "ತೊಂಬತ್ತು ರೂಪಾಯಿಗೆ ಇಷ್ಟು ಮಾತಾ ಸರ್?" ತೊಂಬತ್ತು ರೂಪಾಯಿಗೆ ಇಷ್ಟು ಮಾತಾ ಅಂತೆ! ತಲೆಗೆ ತೊಂಬತ್ತು ಅಲ್ವಾ? ಮತ್ತೆ ಮೂಲ ಐನೂರು ಎಲ್ಲಿದೆ?

ಅದನ್ನು ಕೆದಕಿದಾಗಲೇ ಒಳಗಿನದ್ದು ಹೊರಬಂತು. ಹಣ ಕಟ್ಟುವ ಲಿಂಕ್ ಹೋಗುವುದು ಅವನ ಖಾತೆಗೆ. ಪುಟದ ಮೇಲೆ ನಮ್ಮ ಲಾಂಛನ, ಕೆಳಗೆ ಅವನ ಬ್ಯಾಂಕ್. ಕೇಳಿದರೆ "ಸೆಟಲ್‌ಮೆಂಟ್ ಪೆಂಡಿಂಗ್ ಸರ್". ಮರುವಾರವೂ ಪೆಂಡಿಂಗ್. ಸಂಘದ ಮೇಲ್ ತೆರೆಯೋಣ ಎಂದರೆ ಪಾಸ್‌ವರ್ಡ್ ಬದಲಾಗಿದೆ, ಓಟಿಪಿ ಹೋಗುವುದು ಅವನ ಮೊಬೈಲಿಗೆ. ಸದಸ್ಯರ ಪಟ್ಟಿ ಕೊಡಿ ಎಂದರೆ "ಡೇಟಾ ಎಂಟ್ರಿ ಮಾಡಿದ್ದು ನಾವು ಸರ್, ಹ್ಯಾಂಡೋವರಿಗೆ ಚಾರ್ಜ್ ಆಗುತ್ತದೆ, ಮೂರು ತಿಂಗಳ ಸಂಬಳ". ನಮ್ಮ ಸದಸ್ಯರ ಫೋನ್ ನಂಬರ್ ನಮಗೇ ಮಾರುವುದು! ಸಮಿತಿಯಲ್ಲಿ ಕೆಲವರು "ಕೊಟ್ಟು ಮುಗಿಸಿ, ಊರಲ್ಲಿ ಮರ್ಯಾದೆ ಹೋಗುವುದು ಬೇಡ" ಎಂದರು. ನಾನು ಒಪ್ಪಲಿಲ್ಲ. ಒಂದು ರೂಪಾಯಿ ಕೊಟ್ಟಿಲ್ಲ.

ಸೆಮಿನಾರಿಗೆ ಬಂದವರ ತೊಂಬತ್ತು ತೊಂಬತ್ತನ್ನು ಸಮಿತಿಯವರು ಕೈಯಿಂದ ಹಾಕಿ ವಾಪಸ್ ಕೊಟ್ಟೆವು. ಪೊಲೀಸ್ ಹೆಸರು ಎತ್ತಿದ ಮೇಲೆ ಮೂಲ ಶುಲ್ಕದಲ್ಲಿ ಸ್ವಲ್ಪ ಬಂತು. ಉಳಿದದ್ದು ಇನ್ನೂ "ಪೆಂಡಿಂಗ್".

ಇಡುವುದಾದರೆ ಇಡಿ, ಬೇಡ ಎನ್ನುವುದಿಲ್ಲ, ಈ ಕೆಲಸ ಒಬ್ಬರ ಕೈಯಲ್ಲಿ ಆಗುವಂಥದ್ದೇ ಅಲ್ಲ. ಆದರೆ ಸದಸ್ಯರ ಹಣ ನೇರ ಸಂಘದ ಬ್ಯಾಂಕ್ ಖಾತೆಗೇ ಬೀಳಲಿ. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಸಂಘದ ಹೆಸರೇ ಬರುತ್ತದಾ, ನಿಮ್ಮ ಮೊಬೈಲಿನಲ್ಲೇ ನೋಡಿ. ಮೇಲ್‌ಗೆ, ವೆಬ್‌ಸೈಟ್‌ಗೆ ಪದಾಧಿಕಾರಿಗಳ ನಂಬರ್ ಇರಲಿ. ಕಂಪನಿ ಎಂದವರ ಜಿಎಸ್‌ಟಿ ನಂಬರಿನ ಆರನೇ ಅಕ್ಷರ ನೋಡಿ. ಮತ್ತೆ "ಸರ್, ಸರ್" ಎಂದು ಜಾಸ್ತಿ ಕರೆಯುವವರನ್ನು ನಾನಂತೂ ಇನ್ನು ಒಳಗೆ ಬಿಡುವುದಿಲ್ಲ.

ನಮ್ಮ ಘಟಕದ ಸದಸ್ಯರಿಗೆ ಒಂದು ಮಾತು. ಹಳೆಯ ಮೇಲ್ ಇನ್ನೂ ಅವನ ಕೈಯಲ್ಲೇ ಇದೆ. ಅದರಿಂದ ನವೀಕರಣದ ಲಿಂಕ್ ಬಂದರೆ ಹಣ ಹಾಕಬೇಡಿ, ಖಜಾಂಚಿಗೆ ಫೋನ್ ಮಾಡಿ. ಯಾರಾದರೂ ಈಗಾಗಲೇ ಹಾಕಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸ್ಕ್ರೀನ್‌ಶಾಟ್ ನಮಗೂ ಕಳಿಸಿ, ದೂರಿಗೆ ಸೇರಿಸುತ್ತೇವೆ.